ಎಂಟು ಕಂಬದ ಓಟ

ಕಳೆದ ತಿಂಗಳು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ ಒಂದು ನಾಮಕರಣದ ಊಟಕ್ಕೆ ಹೋಗಿದ್ದೆ. ಮೇಘಾ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕುಳಿತಳು. ನಮ್ಮ ಸ್ನೇಹಿತರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಡೇಟಾ ಸೈನ್ಸ್ ಓದಿ, ಈಗ ಒಂದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೈಸ್ಕೂಲು ಹುಡುಗರ ಆಟ ನೋಡಿ, ಯಾರನ್ನು ಕಾಲೇಜಿಗೆ ಕರೆಯಬಹುದು ಎಂದು ಹೇಳುವ ಕೆಲಸ. ನಾನು ಇಪ್ಪತ್ತಾರು ವರ್ಷ ಮಾಡಿ ಬಿಟ್ಟದ್ದೂ ಅದನ್ನೇ.

"ಆಂಟಿ, ಕ್ವಿಕ್ ಕ್ವೆಶ್ಚನ್," ಅಂದಳು. "ಸ್ಮಾಲ್ ಸ್ಕೂಲ್ ರನ್ನಿಂಗ್ ಬ್ಯಾಕ್ಸ್, ಡು ದೇ ಎವರ್ ಮೇಕ್ ಇಟ್ ಇನ್ ಕಾಲೇಜ್? ನಮ್ ಕಂಪ್ಯೂಟರ್ ಮಾಡೆಲ್ ಅವರಿಗೆ ಸುಮ್ನೆ ಮಾರ್ಕ್ಸ್ ಕಟ್ ಮಾಡತ್ತೆ. ಈಸ್ ದಟ್ ಫೇರ್?"

ನನ್ನ ಕೈಯಲ್ಲಿದ್ದ ಹೋಳಿಗೆ ಚೂರು ಕೈಯಲ್ಲೇ ಉಳಿಯಿತು. ಇದೇ ಪ್ರಶ್ನೆಗೆ ನಾನು ಒಂದು ಕಾಲದಲ್ಲಿ ಒಂದೇ ಸಾಲಿನ ಉತ್ತರ ಬರೆದು ಸಹಿ ಹಾಕಿದ್ದೆ. ಆ ಸಾಲು ನೆನಪಾದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಊಟದ ಮನೆಯಲ್ಲಿ ಹೇಳುವ ಮಾತಲ್ಲ, ಬರೆದು ಕೊಡುತ್ತೇನೆ ಅಂದೆ. ಮೇಘಾಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಮ್ಮ ಓದಿ ಹೇಳಲಿ, ಮಗಳ ಜೊತೆ ಕುಳಿತ ಹಾಗೂ ಆಗುತ್ತದೆ.

ನಾನು ಈ ಕೆಲಸಕ್ಕೆ ಸೇರಿದ್ದೇ ಒಂದು ಪೆದ್ದುತನದಿಂದ. ಮೈಸೂರಿನಲ್ಲಿ ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಮಾಡಿ, ಮದುವೆಯಾಗಿ ಡೆಟ್ರಾಯಿಟ್ ಕಡೆ ಬಂದೆ. ಗಂಡ ರಘುಗೆ ಸೌತ್‌ಫೀಲ್ಡ್‌ನ ಒಂದು ಟವರ್‌ನಲ್ಲಿ ಐಟಿ ಕೆಲಸ. ಮಗಳು ಅನು ಸ್ಕೂಲಿಗೆ ಹೋಗತೊಡಗಿದ ಮೇಲೆ ಹತ್ತಿರದ ಒಂದು ಸಣ್ಣ ಕಾಲೇಜಿನ ಜಾಹೀರಾತು ನೋಡಿ ಅಪ್ಲೈ ಮಾಡಿದೆ. 'ಅಂಕಿ ಅಂಶ ಸಹಾಯಕರು, ಕ್ರೀಡಾ ವಿಭಾಗ' ಎಂದಿತ್ತು. ಹುಡುಗರ ಎತ್ತರ, ತೂಕ ಬರೆದಿಡುವ ಕೆಲಸ ಇರಬೇಕು ಅಂದುಕೊಂಡಿದ್ದೆ.

ಇಂಟರ್‌ವ್ಯೂ ಮಾಡಿದವನು ರಾಯ್. ಹೊಸ ಹುಡುಗರನ್ನು ಆರಿಸುವ ವಿಭಾಗದ ಮುಖ್ಯಸ್ಥ. ದಪ್ಪ ಕುತ್ತಿಗೆ, ಮುರಿದು ಕೂಡಿದ ಮೂಗು. ಅವನ ಇಂಗ್ಲಿಷನ್ನೂ ಉಳಿದವರ ಇಂಗ್ಲಿಷನ್ನೂ ಇಲ್ಲಿ ನಮ್ಮ ಮೈಸೂರು ಮಾತಿಗೆ ಹಾಕಿ ಬರೆಯುತ್ತೇನೆ.

"ನಿಮ್ಮಪ್ಪ ಏನ್ ಮಾಡ್ತಿದ್ರು?" ಅಂತ ಕೇಳಿದ.

"ಮಂಡ್ಯದಲ್ಲಿ ಸರ್ವೇಯರ್. ಜಮೀನು ಅಳೀತಿದ್ರು."

"ಸರಿಹೋಯ್ತು. ನೀವು ಹುಡುಗರನ್ನ ಅಳೀರಿ," ಅಂದು ಕೈ ಕುಲುಕಿದ. ಸುಮಿತ್ರಾ ಅನ್ನುವುದು ಅವನ ಬಾಯಿಗೆ ಬರಲಿಲ್ಲ. ಅವತ್ತಿನಿಂದ ನಾನು ಸೂ ಆದೆ.

ಮೊದಲ ವಾರ ಆಟ ನೋಡಲು ಮೈದಾನದ ಅಂಚಿನಲ್ಲೇ ನಿಲ್ಲಿಸಿದರು. ರನ್ನಿಂಗ್ ಬ್ಯಾಕ್ ಅಂದರೆ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಗಳ ಮಧ್ಯೆ ನುಗ್ಗುವವನು. ನಮ್ಮ ಕಬಡ್ಡಿಯ ರೈಡರ್ ಇದ್ದ ಹಾಗೆ, ಆದರೆ ಇಲ್ಲಿ ಅವನನ್ನು ಹಿಡಿಯುವುದಿಲ್ಲ, ಬಂದು ಗುದ್ದುತ್ತಾರೆ. ನನ್ನಿಂದ ಮೂರು ಮಾರು ದೂರದಲ್ಲಿ ಒಬ್ಬನಿಗೆ ಇನ್ನೊಬ್ಬ ಡಿಕ್ಕಿ ಹೊಡೆದ ಸದ್ದಿಗೆ ನಾನು ಕಿಟ್ಟನೆ ಕಿರುಚಿಬಿಟ್ಟೆ. ಹುಡುಗ ಸತ್ತ ಎಂದೇ ತಿಳಿದೆ. ಅವನು ಎದ್ದು ನಿಂತು ಹುಲ್ಲು ಕೊಡವಿಕೊಂಡು ನಕ್ಕ. ಅವತ್ತು ಮನೆಗೆ ಹೋಗಿ, ಈ ಕೆಲಸ ನನಗೆ ಬೇಡ, ಇದು ಮನುಷ್ಯರು ನೋಡುವಂಥದ್ದಲ್ಲ ಎಂದು ರಘು ಎದುರು ಕೂಗಾಡಿದೆ. ಮಾರನೆಯ ದಿನ ಮತ್ತೆ ಹೋದೆ. ಆ ಓಟ ನೋಡದೆ ಇರಲು ಆಗಲಿಲ್ಲ, ಅದು ನಿಜ.

ಆಗ ಎಲ್ಲ ಟೇಪಿನ ಕಾಲ. ಮಿಶಿಗನ್, ಇಲಿನಾಯ್‌ನ ಮೂಲೆ ಮೂಲೆಯ ಶಾಲೆಗಳಿಂದ ವಿಡಿಯೋ ಕ್ಯಾಸೆಟ್ಟುಗಳು ಪೋಸ್ಟಿನಲ್ಲಿ ಬರುತ್ತಿದ್ದವು. ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು ಹಿಂದೆ ಮುಂದೆ ಓಡಿಸಿ ನೋಡಿ, ಹುಡುಗನಿಗೆ ಒಂದು ಪುಟದಂತೆ ವರದಿ ಬರೆಯುವುದು. ಎಷ್ಟೋ ಸಲ ಆಟದ ಮಧ್ಯೆ ಯಾರದೋ ಹುಟ್ಟುಹಬ್ಬದ ಕೇಕು ಬಂದುಬಿಡುತ್ತಿತ್ತು. ಆಮೇಲೆ ಡಿಸ್ಕ್ ಬಂತು, ಆಮೇಲೆ ಲಿಂಕ್ ಬಂತು. ಕೊನೆಗೆ ಹುಡುಗನ ಅಂಗಿಯೊಳಗೆ ಚಿಪ್ ಇಟ್ಟು ಓಡಿಸುವ ಕಾಲವೂ ಬಂತು. ಏನು ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ನಲವತ್ತು ಯಾರ್ಡ್ ಓಟ ಎಷ್ಟು ಸೆಕೆಂಡು ಎಂದು. ಯಾರ್ಡ್ ಅಂದರೆ ಮೂರಡಿ, ನಮ್ಮ ಗಜ. ರನ್ನಿಂಗ್ ಬ್ಯಾಕ್ ಆದರೆ ನಾಲ್ಕು ಅರವತ್ತೈದರ, ಅಂದರೆ 4.65 ಸೆಕೆಂಡಿನ ಒಳಗೆ ಇರಬೇಕು ಎಂಬುದು ರಾಯ್ ಇಟ್ಟ ಗಡಿ. ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡವನ ಹೆಸರನ್ನು ಅವನು ಎರಡನೆಯ ಸಲ ಕೇಳುತ್ತಿರಲಿಲ್ಲ.

ಸಣ್ಣ ಶಾಲೆಗಳ ಬಗ್ಗೆ ನನಗೆ ಮೊದಲು ಪಾಠ ಕಲಿಸಿದವನು ಶಿಕಾಗೋದಿಂದ ಎರಡು ಗಂಟೆ ದೂರದ ಜೋಳದ ಹೊಲಗಳ ಊರಿನ ಒಬ್ಬ ಹುಡುಗ. ಆ ಶಾಲೆಯಲ್ಲಿ ಒಟ್ಟು ಹುಡುಗರೇ ಎರಡು ಬಸ್ಸಿಗಾಗುವಷ್ಟು. ಅವನ ಟೇಪು ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಚೆಂಡು ಕೈಗೆ ಬಂದರೆ ಸಾಕು, ಆ ಕೊನೆ ಮುಟ್ಟುತ್ತಿದ್ದ. ಓಟದ ಟೈಮೂ ಗಡಿಯ ಒಳಗಿತ್ತು. ಕಣ್ಣುಮುಚ್ಚಿ ಶಿಫಾರಸು ಬರೆದೆ. ಅವನನ್ನು ಕರೆದುಕೊಂಡರು. ಆಗಸ್ಟಿನಲ್ಲಿ ಬಂದ, ಅಕ್ಟೋಬರಿನಲ್ಲಿ ವಾಪಸ್ ಹೋದ.

ಆಗಿದ್ದು ಇಷ್ಟೆ. ಊರಿನಲ್ಲಿ ಅವನನ್ನು ಹಿಡಿಯಲು ಬರುತ್ತಿದ್ದವರು ಅವನ ಅರ್ಧ ತೂಕದ ಪೋರರು. ಇಲ್ಲಿ ಬಂದವರು ಅವನಿಗಿಂತ ದಪ್ಪ, ಅವನಷ್ಟೇ ಚುರುಕು. ಚೆಂಡು ಇಲ್ಲದಾಗ ಬೇರೆಯವರಿಗೆ ಅಡ್ಡ ನಿಂತು ಕಾಯುವ ಕೆಲಸ ಅವನಿಗೆ ಯಾರೂ ಕಲಿಸಿರಲೇ ಇಲ್ಲ, ಏಕೆಂದರೆ ಊರಿನಲ್ಲಿ ಚೆಂಡು ಯಾವಾಗಲೂ ಅವನ ಕೈಯಲ್ಲೇ. ಬಟ್ಟೆಬರೆ ಕಾರಿಗೆ ತುಂಬುತ್ತಿದ್ದಾಗ ನಾನು ಪಾರ್ಕಿಂಗ್‌ನಲ್ಲಿ ಎದುರಾದೆ. ಅವನಮ್ಮ ನನ್ನ ಮುಖ ನೋಡಲಿಲ್ಲ.

ರಾಯ್ ನನ್ನನ್ನು ಬೈಯಲಿಲ್ಲ. "ಸೂ, ಇನ್ಮೇಲೆ ಸಣ್ಣ ಸ್ಕೂಲು ಅಂದ್ರೆ ಒಂದು ಮೆಟ್ಲು ಕೆಳಗಿಳ್ಸಿ ನೋಡಿ. ಕಣ್ಣು ನಂಬ್ಬೇಡಿ. ವಾಚ್ ನಂಬಿ," ಅಂದ. ಆ ಮಾತನ್ನು ಗಂಟು ಹಾಕಿಕೊಂಡೆ. ಮೇಘಾಳ ಮಾಡೆಲ್ ಈಗ ಮಾಡುತ್ತಿರುವುದೂ ಅದೇ, ಅವಳದಕ್ಕೆ ಕರೆಂಟು ಬೇಕು ಅಷ್ಟೆ.

ಇನ್ನು ಕೋಲ್ ವಿಷಯ. ಮಿಶಿಗನ್ ರಾಜ್ಯ ನಕ್ಷೆಯಲ್ಲಿ ಕೈಗವಸಿನ ಹಾಗೆ ಕಾಣುತ್ತದೆ. ಅದರ ಹೆಬ್ಬೆರಳಿನ ತುದಿಯಲ್ಲಿ, ಬೀನ್ಸು ಮತ್ತು ಸಕ್ಕರೆ ಗೆಡ್ಡೆ ಬೆಳೆಯುವ ಸೀಮೆಯಲ್ಲಿ ಅವನ ಶಾಲೆ. ಅಲ್ಲಿನ ಕೋಚ್ ವಾಲ್ಟ್ ಕೃಷಿಯ ಮೇಷ್ಟ್ರೂ ಹೌದು, ಮರಗೆಲಸದ ಮೇಷ್ಟ್ರೂ ಹೌದು. ಅವನು ಕಳಿಸಿದ ವಿಡಿಯೋದಲ್ಲಿ ಕೋಲ್ ಎಲ್ಲರನ್ನೂ ಬಿಟ್ಟು ಹೋಗುತ್ತಿದ್ದ. ಜೋಳದೂರಿನ ಹುಡುಗನಿಗಿಂತ ಭಿನ್ನ ಇವನು. ಗುದ್ದಿಸಿಕೊಂಡ ಮೇಲೂ ಕಾಲು ನಿಲ್ಲಿಸುತ್ತಿರಲಿಲ್ಲ, ಚೆಂಡಿಲ್ಲದಾಗ ಬೇರೆಯವನಿಗಾಗಿ ಅಡ್ಡ ನಿಲ್ಲುತ್ತಿದ್ದ. ನನ್ನ ಎದೆ ಕುಣಿಯಿತು. ಕುಣಿದದ್ದಕ್ಕೇ ಹೆದರಿ, ವಾಚು ಹಿಡಿದು ಎರಡೂವರೆ ಗಂಟೆ ಡ್ರೈವ್ ಮಾಡಿ ಹೋದೆ.

ಶಾಲೆಯ ಹಿಂದೆ ಹುಲ್ಲುಗಾವಲು, ಅದರ ಪಕ್ಕ ಉದ್ದಕ್ಕೆ ಮರದ ಕಂಬಗಳ ಹಳೆಯ ಬೇಲಿ. ಅಲ್ಲಿನ ಪದ್ಧತಿಯೇ ಬೇರೆ. ಮೊದಲನೆಯ ಕಂಬದ ಹತ್ತಿರ ಹೊರಟು, ಅದನ್ನು ಬಿಟ್ಟು ಎಂಟು ಕಂಬ ಎಣಿಸಿದರೆ ನಲವತ್ತು ಯಾರ್ಡ್. ಆ ಊರಿನಲ್ಲಿ ಯಾರೂ 'ನಲವತ್ತು ಎಷ್ಟು' ಎಂದು ಕೇಳುತ್ತಿರಲಿಲ್ಲ, 'ನಿನ್ನ ಎಂಟು ಕಂಬ ಎಷ್ಟು' ಎಂದೇ ಕೇಳುತ್ತಿದ್ದರು. ಮರಗೆಲಸದ ಕೋಣೆಯ ಗೋಡೆಗೆ ಒಂದು ದೊಡ್ಡ ಹಲಗೆ, ಅದರ ಮೇಲೆ ಹಳೆಯ ಹುಡುಗರ ಹೆಸರು ಮತ್ತು ಟೈಮು ಬಣ್ಣದಲ್ಲಿ ಬರೆದಿತ್ತು.

"ಇಲ್ಲಿ ಐದು ಸೆಕೆಂಡಿನ ಒಳಗೆ ಓಡಿರೋನು ಕೋಲ್ ಒಬ್ನೇ ಮೇಡಂ," ಅಂದ ವಾಲ್ಟ್, ಹೆಮ್ಮೆಯಿಂದ.

ಓಡಿಸಿದೆ. ನಾಲ್ಕು ತೊಂಬತ್ತನಾಲ್ಕು. ಮತ್ತೆ ಓಡಿಸಿದೆ. ನಾಲ್ಕು ತೊಂಬತ್ತಾರು. ಮೂರನೆಯ ಸಲ ಮತ್ತೆ ತೊಂಬತ್ತನಾಲ್ಕು. ವಿಡಿಯೋದಲ್ಲಿ ಗಾಳಿಯಂತೆ ಹೋಗುತ್ತಿದ್ದವನು ಇವನೇನಾ ಎಂದು ನಾನು ದಂಗಾಗಿ ನಿಂತೆ. ಕೋಲ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದ.

"ಸಾಕಾಗಲ್ಲ ಅಲ್ವಾ ಮೇಡಂ?" ಅಂತ ಕೇಳಿದ.

"ಬೇರೆ ಎಲ್ಲಾದ್ರೂ ಓಡಿದೀಯಾ? ಬೇಸಿಗೆ ಕ್ಯಾಂಪಲ್ಲಿ?"

"ಇಲ್ಲ. ಈ ಟೈಮ್ ಇಟ್ಕೊಂಡು ಹೋಗೋಕೆ ನಾಚ್ಕೆ."

ಅವತ್ತು ಸಂಜೆ ನಾನು ಬರೆದ ವರದಿಯ ಕೊನೆಯ ಸಾಲು ಹೀಗಿತ್ತು: 'ನಿಧಾನದವರ ಮಧ್ಯೆ ಯಾರು ಓಡಿದರೂ ವೇಗವಾಗಿಯೇ ಕಾಣುತ್ತಾರೆ, ಬೇಡ.' ಬರೆದು ನನಗೆ ನಾನೇ ಭೇಷ್ ಅಂದುಕೊಂಡೆ. ಆಟದ ಮೈದಾನದಲ್ಲಿ ಐದೈದು ಯಾರ್ಡಿಗೆ ಎಳೆದ ಗೆರೆಗಳು ಸರಿಯಾಗೇ ಇದ್ದವು, ಅವನ್ನು ರೆಫರಿಗಳು ಅಳೆದು ನೋಡುತ್ತಾರೆ. ವಿಡಿಯೋದಲ್ಲಿ ಆ ಗೆರೆಗಳನ್ನು ಎಣಿಸಿ ಸೆಕೆಂಡು ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ಕೈಯಲ್ಲಿ ವಾಚಿದೆ ಎಂಬ ಜಂಬಕ್ಕೆ ಹಾಕಲಿಲ್ಲ. ಕೋಲ್‌ಗೆ ಬೇರೆ ಯಾರೂ ಬಾಗಿಲು ತೆಗೆಯಲಿಲ್ಲ. ಅವನು ಕಾಲೇಜಿಗೇ ಹೋಗಲಿಲ್ಲ ಎಂದು ಆಮೇಲೆ ಕೇಳಿದೆ. ಒಂದು ಸಲ ನಿಟ್ಟುಸಿರು ಬಿಟ್ಟು ಮರೆತೆ.

ನಾಲ್ಕು ವರ್ಷದ ನಂತರ, ನನ್ನ ಕೆಲಸದ ಕೊನೆಯ ಶರತ್ಕಾಲದಲ್ಲಿ, ಅದೇ ಶಾಲೆಯಿಂದ ಇನ್ನೊಬ್ಬ ರನ್ನಿಂಗ್ ಬ್ಯಾಕ್‌ನ ವಿಡಿಯೋ ಬಂತು. ಅಷ್ಟರಲ್ಲಿ ನಮ್ಮ ವಿಭಾಗಕ್ಕೆ ಲೇಸರ್ ಟೈಮರ್ ಬಂದಿತ್ತು. ಎರಡು ಪುಟ್ಟ ಸ್ಟ್ಯಾಂಡುಗಳನ್ನು ಎರಡು ತುದಿಯಲ್ಲಿ ಇಟ್ಟರೆ ಮೊದಲು ಅದೇ ದೂರ ಅಳೆದುಕೊಳ್ಳುತ್ತದೆ, ಆಮೇಲೆ ಓಟದ ಟೈಮು ಹಿಡಿಯುತ್ತದೆ. ಹೊರಡುವ ಕಂಬದ ಬಳಿ ಒಂದು, ಎಂಟನೆಯದರ ಬಳಿ ಇನ್ನೊಂದು ಇಟ್ಟೆ. ಪರದೆ ಕೆಂಪಾಯಿತು. ನಲವತ್ತಕ್ಕೆ ಹೊಂದುತ್ತಿಲ್ಲ, ದೂರ ನಲವತ್ತನಾಲ್ಕು ಎಂದು ತೋರಿಸಿತು.

"ಹೊಸ ಮಷೀನು, ಇನ್ನೂ ಬುದ್ಧಿ ಬಂದಿಲ್ಲ," ಅಂದೆ. ವಾಲ್ಟ್ ನಕ್ಕ. ಬ್ಯಾಟರಿ ಬದಲಾಯಿಸಿದೆ. ಮತ್ತೆ ನಲವತ್ತನಾಲ್ಕು.

ಆಗ ಒಂದು ವಿಷಯ ನೆನಪಾಯಿತು. ನಮ್ಮಪ್ಪನ ಸರ್ವೆ ಸರಪಳಿ ಮೂವತ್ತಮೂರು ಅಡಿ. ಬೆಳಿಗ್ಗೆ ಹೊಲಕ್ಕೆ ಹೊರಡುವ ಮೊದಲು ಅಪ್ಪ ಅದನ್ನು ಕಚೇರಿ ಅಂಗಳದಲ್ಲಿ ನೆಟ್ಟ ಎರಡು ಕಲ್ಲುಗಳ ಮಧ್ಯೆ ಹಾಕಿ, ಎಳೆದು ಉದ್ದ ಆಗಿದೆಯಾ ಎಂದು ನೋಡಿಯೇ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಒಂದು ದಿನ ತಪ್ಪಿಸಿದವರಲ್ಲ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ನಾನು ಪಿಯುಸಿಯಲ್ಲಿದ್ದಾಗ ಒಂದು ಗದ್ದೆಯ ಬದುವಿನ ಮೇಲೆ ನಡೆಸಿ, "ನೋಡು ಸುಮಿ, ನಿನ್ನ ಹದಿಮೂರು ಹೆಜ್ಜೆ ಒಂದು ಸರಪಳಿ. ಇನ್ನು ನಿನ್ ಕಾಲೇ ನಿನಗೆ ಟೇಪು," ಎಂದಿದ್ದರು. ವಾಕಿಂಗ್‌ನಲ್ಲಿ ನಾನು ಈಗಲೂ ಹೆಜ್ಜೆ ಎಣಿಸುತ್ತೇನೆ, ಅದೊಂದು ಚಟ.

ಹೊರಡುವ ಕಂಬವನ್ನು ಲೆಕ್ಕಕ್ಕೆ ಹಿಡಿಯದೆ ಅಲ್ಲಿಂದ ನಡೆದೆ. ಹದಿಮೂರನೆಯ ಹೆಜ್ಜೆಗೆ ಎರಡನೆಯ ಕಂಬ ನನ್ನ ಮಗ್ಗುಲಲ್ಲಿತ್ತು. ಇಪ್ಪತ್ತಾರಕ್ಕೆ ನಾಲ್ಕನೆಯದು. ಮೂವತ್ತೊಂಬತ್ತಕ್ಕೆ ಆರನೆಯದು. ಐವತ್ತೆರಡನೆಯ ಹೆಜ್ಜೆಗೆ ಕೈ ಚಾಚಿದೆ, ಎಂಟನೆಯ ಕಂಬ ಕೈಗೆ ಸಿಕ್ಕಿತು. ಸರಿಯಾಗಿ ನಾಲ್ಕು ಸರಪಳಿ. ಒಂದು ಸರಪಳಿಗೆ ಹನ್ನೊಂದು ಯಾರ್ಡ್. ನಲವತ್ತನಾಲ್ಕು.

ಕಂಬ ಹಿಡಿದುಕೊಂಡೇ ನಿಂತೆ. ಮಷೀನಿಗೆ ಬುದ್ಧಿ ಇತ್ತು, ಇಲ್ಲದ್ದು ನನಗೆ. ಒಬ್ಬ ಸರ್ವೇಯರ್ ಮಗಳು, ಅಳೆಯುವುದೇ ಹೊಟ್ಟೆಪಾಡು ಮಾಡಿಕೊಂಡವಳು, ಸೆಕೆಂಡನ್ನು ನೂರು ಚೂರು ಮಾಡಿ ನೋಡಿದ್ದೆ. ದೂರವನ್ನು ಒಮ್ಮೆಯೂ ನೋಡಿರಲಿಲ್ಲ.

ವಾಲ್ಟ್ ಓಡಿ ಬಂದ. ಹೇಳಿದೆ. ಅವನು ಮೊದಲು ನಂಬಲಿಲ್ಲ, ಮರಗೆಲಸದ ಕೋಣೆಯಿಂದ ಉಕ್ಕಿನ ಟೇಪು ತಂದು ತಾನೇ ಅಳೆದ. ಎರಡು ಸಲ ಅಳೆದ. ಆಮೇಲೆ ಹುಲ್ಲಿನ ಮೇಲೆ ಕುಳಿತುಬಿಟ್ಟ.

"ಹಳೇ ರೈತರು ಬೇಲಿ ಕಂಬ ಹದಿನಾರೂವರೆ ಅಡಿಗೆ ಒಂದು ಹಾಕ್ತಿದ್ರು ಮೇಡಂ. ಅದು ಅವರ ಕಾಲದ ಅಳತೆ. ಯಾರೋ ಪುಣ್ಯಾತ್ಮ ಹದಿನೈದು ಅಂದ್ಕೊಂಡಿರ್ಬೇಕು. ನನಗೆ ನನ್ ಕೋಚ್ ಹೇಳಿದ್ದು ಎಂಟು ಕಂಬ. ನಾನೂ ಎಲ್ರಿಗೂ ಅದನ್ನೇ ಹೇಳ್ದೆ."

ಅವನ ಕಣ್ಣು ಮರಗೆಲಸದ ಕೋಣೆಯ ಕಡೆಗಿತ್ತು. ಆ ಹಲಗೆಯ ಮೇಲಿದ್ದ ಹೆಸರುಗಳು ನನಗೂ ನೆನಪಾದವು. ತಾನು ನಿಧಾನದವನು ಎಂದು ನಂಬಿಕೊಂಡೇ ಶಾಲೆ ಬಿಟ್ಟ ಹುಡುಗರು ಅವರೆಲ್ಲ. ದೊಡ್ಡ ಊರಿನ ಶಾಲೆಯಾಗಿದ್ದರೆ ಹತ್ತು ಕಾಲೇಜಿನವರು ಬಂದು ಹತ್ತು ಕಡೆ ಓಡಿಸಿರುತ್ತಿದ್ದರು, ತಪ್ಪು ಒಂದೇ ವರ್ಷಕ್ಕೆ ಬಯಲಾಗುತ್ತಿತ್ತು. ಇಲ್ಲಿಗೆ ಬಂದವಳು ನಾನೊಬ್ಬಳೇ.

ಟೇಪು ಹಿಡಿದು ನಲವತ್ತಕ್ಕೆ ಗುರುತು ಹಾಕಿ ಹೊಸ ಹುಡುಗನನ್ನು ಓಡಿಸಿದೆವು. ನಾಲ್ಕು ಅರವತ್ತು. ಅವನನ್ನು ನಾವು ಕರೆದುಕೊಂಡೆವು. ಈಗ ಎರಡು ಸೀಸನ್‌ನಿಂದ ಶನಿವಾರ ಶನಿವಾರ ನಮ್ಮ ಕಾಲೇಜಿಗೆ ಚೆಂಡು ಹಿಡಿದು ಓಡುತ್ತಿದ್ದಾನೆ, ಚೆನ್ನಾಗಿಯೇ ಆಡುತ್ತಾನೆ. ಮೇಘಾಳ ಪ್ರಶ್ನೆಗೆ ಅವನೇ ಒಂದು ಉತ್ತರ. ಜೋಳದೂರಿನ ಹುಡುಗನೂ ಒಂದು ಉತ್ತರ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇವರಿಬ್ಬರೂ ಅಲ್ಲ. ಕೋಲ್‌ನ ಹಳೆಯ ಟೈಮಿನಿಂದ ಹೆಚ್ಚಿನ ನಾಲ್ಕು ಯಾರ್ಡ್ ಕಳೆದು ಲೆಕ್ಕ ಹಾಕಿದೆ. ನಾಲ್ಕು ಐವತ್ತೆರಡರ ಆಸುಪಾಸು. ನನ್ನ ಇಪ್ಪತ್ತಾರು ವರ್ಷದಲ್ಲಿ ಅಂಥ ಓಟಗಾರ ನಮ್ಮ ಕಾಲೇಜಿಗೆ ಬಂದಿರಲೇ ಇಲ್ಲ.

ರಾಯ್ ಎದುರು ಹಳೆಯ ವರದಿ ಇಟ್ಟು ಎಲ್ಲ ಹೇಳಿದೆ. ಅವನು ಬಾಗಿಲು ಹಾಕಿ ಬಂದು ಕುಳಿತ. ಮೂಗು ಉಜ್ಜಿಕೊಂಡ.

"ಆ ಗಡಿ ಹಾಕಿದ್ದು ನಾನು, ಸೂ. ಪಾಪ ನಿಮ್ಮೊಬ್ರದೇ ಅಲ್ಲ. ಆದ್ರೆ ಈಗ ಹೋಗಿ ಹೇಳಿ ಏನು ಉಪಯೋಗ? ಗಾಯ ಮಾಯಿತು ಅಂತ ಇರೋನಿಗೆ ಮತ್ತೆ ಕೆರೆದ ಹಾಗಾಗತ್ತೆ." ವರದಿಯನ್ನು ನನ್ನ ಕಡೆ ತಳ್ಳಿ, "ಅವನು ಬರ್ತೀನಿ ಅಂದ್ರೆ ಟ್ರಯಲ್ ಕೊಡ್ತೀನಿ. ಅಷ್ಟು ನನ್ ಕೈಲಿದೆ," ಅಂದ.

ಕೋಲ್ ಈಗ ಶಿಕಾಗೋ ಕಡೆ, ಬೋಲಿಂಗ್‌ಬ್ರೂಕ್‌ನ ಒಂದು ವೇರ್‌ಹೌಸ್‌ನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಾನೆ ಎಂದು ವಾಲ್ಟ್ ಹೇಳಿದ್ದ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಹೇಗೂ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ಅನು ಮನೆಗೆ ಹೋಗುವುದಿತ್ತು. ಅಲ್ಲಿಂದ ಮುಕ್ಕಾಲು ಗಂಟೆ ದಾರಿ. ಅವನಿಗೆ ಫೋನ್ ಮಾಡಿ, ಊಟದ ಬ್ರೇಕ್‌ನಲ್ಲಿ ಐದು ನಿಮಿಷ ಸಿಗುತ್ತೀಯಾ ಎಂದು ಕೇಳಿದೆ. ಸರಿ ಅಂದ, ಏಕೆ ಎಂದು ಕೇಳಲಿಲ್ಲ.

ಅಡಿಗೆಮನೆಯಲ್ಲಿ ಎಲ್ಲ ಹೇಳಿದಾಗ ಅನು ಕೇಳಿಯೇಬಿಟ್ಟಳು. "ಅಮ್ಮಾ, ಈಸ್ ದಿಸ್ ಫಾರ್ ಹಿಮ್ ಆರ್ ಫಾರ್ ಯೂ?"

ಕೆನ್ನೆಗೆ ಹೊಡೆದ ಹಾಗಾಯಿತು. "ಗೊತ್ತಿಲ್ಲ ಕಣೇ," ಅಂದೆ. "ಆದ್ರೆ ಅವನ ವಸ್ತು ನನ್ ಹತ್ರ ಇದೆ. ಇಟ್ಕೊಂಡಿರೋಕೆ ಆಗ್ತಿಲ್ಲ."

ಅವಳು ನನ್ನ ಕಾರಿನ ಕೀ ತಂದು ಕೊಟ್ಟಳು.

ವೇರ್‌ಹೌಸಿನ ಹೊರಗೆ ಸಿಮೆಂಟಿನ ಬೆಂಚು, ಎದುರಿಗೆ ಖಾಲಿ ಪಾರ್ಕಿಂಗ್ ಜಾಗ. ಒಳ್ಳೆಯ ಬಿಸಿಲಿದ್ದರೂ ನಲವತ್ತೈದು ಡಿಗ್ರಿ ಚಳಿ, ನಮ್ಮೂರಿನ ಲೆಕ್ಕದಲ್ಲಿ ಏಳು. ಕೋಲ್ ಸ್ಯಾಂಡ್‌ವಿಚ್ ಹಿಡಿದು ಬಂದ. ಭುಜ ಅಗಲವಾಗಿತ್ತು, ಗಡ್ಡ ಬಂದಿತ್ತು.

"ನೀವು ವಾಚ್ ಮೇಡಂ ಅಲ್ವಾ? ನಾಲ್ಕು ತೊಂಬತ್ನಾಲ್ಕು," ಅಂದ, ನಗುತ್ತಲೇ. ತನ್ನ ಹೆಸರಿಗಿಂತ ಮೊದಲು ಆ ನಂಬರ್ ಹೇಳಿದ್ದು ಕೇಳಿ ನನಗೆ ಅಳುವೇ ಬಂತು. ಆಮೇಲೆ, ಒಂದು ವರ್ಷದ ಮಗಳಿದ್ದಾಳೆ ಎಂದು ಫೋಟೋ ತೋರಿಸಿದ.

ಎಷ್ಟೋ ಪೀಠಿಕೆ ಯೋಚಿಸಿಕೊಂಡು ಹೋಗಿದ್ದೆ. ಯಾವುದೂ ಬಾಯಿಗೆ ಬರಲಿಲ್ಲ. "ಕೋಲ್, ಆ ಎಂಟು ಕಂಬ ನಲವತ್ತು ಯಾರ್ಡ್ ಅಲ್ಲಪ್ಪ. ನಲವತ್ನಾಲ್ಕು. ನಾನು ಅಳೀಲಿಲ್ಲ. ತಪ್ಪು ನಂದು," ಅಂದೆ.

ಅವನು ಸ್ಯಾಂಡ್‌ವಿಚ್ ಬೆಂಚಿನ ಮೇಲಿಟ್ಟ. "ಏನಂದ್ರಿ?" ಎಂದು ಕೇಳಿದ. ಮತ್ತೆ ಹೇಳಿದೆ. ಟ್ರಕ್ಕೊಂದು ಹಿಂದಕ್ಕೆ ಬರುತ್ತ ಪೀಂ ಪೀಂ ಎಂದು ಕೂಗುತ್ತಿತ್ತು, ಅದು ನಿಲ್ಲುವವರೆಗೂ ಅವನು ಅಲ್ಲಾಡಲಿಲ್ಲ.

"ಹಾಗಾದ್ರೆ ನಂದು ಎಷ್ಟು?"

"ನಾಲ್ಕು ಐವತ್ತೆರಡು, ಆಸುಪಾಸು."

ರಾಯ್ ಕೊಡುವ ಟ್ರಯಲ್ ಬಗ್ಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. "ಮಗು ಇದೆ, ಕೆಲಸ ಇದೆ. ಆ ಬಾಗಿಲು ಬೇಡ ಮೇಡಂ," ಅಂದವನೇ ಫೋನ್ ತೆಗೆದು ಯಾರಿಗೋ ಕರೆ ಮಾಡಿ, ಸ್ಪೀಕರ್ ಹಾಕಿ, ಬೆಂಚಿನ ಮೇಲಿಟ್ಟ. "ಡ್ಯಾಡ್, ಇವರು ಹೇಳೋದು ಕೇಳಿ," ಅಂದ.

ಮೂರನೆಯ ಸಲ ಹೇಳಿದೆ. ಆ ಕಡೆಯಿಂದ ಒಂದು ಒರಟು ದನಿ ಬಂತು.

"ಆ ಕಂಬ ಹುಳ ಹಿಡಿದಾಗ ಬದಲಾಯಿಸಿದ್ದು ನಾನು. ಹಳೇ ಗುಂಡಿಗೇ, ಇಂಚೂ ಆಚೀಚೆ ಆಗದ ಹಾಗೆ ನೆಟ್ಟೆ. ನನ್ನದೂ ಆ ಹಲಗೆ ಮೇಲಿದೆ. ಐದು ಹತ್ತು. ಒಂದು ಕಾಲೇಜಿಂದ ಬಾ ಅಂತ ಪತ್ರ ಬಂದಿತ್ತು. ಐದು ಹತ್ತು ಇಟ್ಕೊಂಡು ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತ ಒಲೆಗೆ ಹಾಕ್ದೆ." ಉಸಿರು ಎಳೆದುಕೊಂಡರು. "ನಂದೆಷ್ಟಾಗತ್ತೆ ಮೇಡಂ?"

ನಾನು ಹೌಹಾರಿಹೋದೆ. ಒಂದು ಮನೆಯ ಎರಡು ತಲೆಮಾರು. ಕಾಗದದ ಚೂರಿನ ಮೇಲೆ ಎರಡು ಸಲ ಲೆಕ್ಕ ಹಾಕಿದೆ. "ನಾಲ್ಕು ಅರವತ್ತೇಳು, ಹೆಚ್ಚುಕಮ್ಮಿ," ಅಂದೆ.

"ಅರವತ್ತೇಳು," ಎಂದರು ಅವರು. ಯಾರಿಗೂ ಹೇಳಿದ್ದಲ್ಲ ಅದು.

ಕೋಲ್ ಎದ್ದು ನಿಂತಿದ್ದ. "ನನಗೆ ಆಸುಪಾಸು ಬೇಡ ಮೇಡಂ. ನಿಜವಾದ ನಂಬರ್ ಬೇಕು. ಟೇಪ್ ಇದೆಯಾ?"

ಇತ್ತು. ಆ ಬೇಲಿಯ ದಿನದಿಂದ ಕಾರಿನಲ್ಲಿ ಟೇಪು, ಸೀಮೆಸುಣ್ಣ ಇಲ್ಲದೆ ನಾನು ಎಲ್ಲಿಗೂ ಹೋಗಿಲ್ಲ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ನೂರಿಪ್ಪತ್ತು ಅಡಿ ಅಳೆದು, ಸೀಮೆಸುಣ್ಣದಲ್ಲಿ ಎರಡೂ ಕಡೆ ಗೆರೆ ಎಳೆದು, ತಿರುಗಿ ಆ ತುದಿಯಿಂದ ಈ ತುದಿಗೆ ಇನ್ನೊಮ್ಮೆ ಅಳೆದೆವು. ಬೆಂಚಿನ ಮೇಲಿದ್ದ ಫೋನನ್ನು ತಂದು ನನ್ನ ಕೋಟಿನ ಜೇಬಿಗೆ ಹಾಕಿಕೊಂಡು ಆ ಕಡೆಯ ಗೆರೆಯ ಪಕ್ಕ ನಿಂತೆ. ವೇರ್‌ಹೌಸಿನ ಬಾಗಿಲಲ್ಲಿ ನಾಲ್ಕಾರು ಜನ ಕಾಫಿ ಹಿಡಿದು ನೋಡುತ್ತಿದ್ದರು.

ಅವನು ಬಗ್ಗಿದ, ಹೊರಟ. ಉಕ್ಕಿನ ಮುಂಬದಿಯ ಆ ಕೆಲಸದ ಬೂಟಿನ ಸದ್ದು ಇಡೀ ಪಾರ್ಕಿಂಗ್‌ಗೆ ಕೇಳಿಸಿತು. ಗೆರೆಗೆ ವಾಚು ಒತ್ತಿದೆ. ಅವನು ನಿಲ್ಲಲಿಲ್ಲ. ಗೆರೆ ದಾಟಿ ಇನ್ನೂ ನಾಲ್ಕು ಯಾರ್ಡ್ ಅದೇ ಜೋರಿನಲ್ಲಿ ಹೋಗಿ, ಆಮೇಲೆ ಕಾಲು ಸಡಿಲ ಬಿಟ್ಟ. ಅವನ ಕಾಲಿಗೆ ನಲವತ್ತು ಅಂದರೆ ಅಲ್ಲಿಯವರೆಗೆ.

"ಎಷ್ಟು?" ಎಂದು ಜೇಬಿನೊಳಗಿಂದ ಅವನಪ್ಪ ಕೂಗಿದರು.

ವಾಚು ನೋಡಿದೆ. "ನಾಲ್ಕು ಎಪ್ಪತ್ತೊಂಬತ್ತು. ಬೂಟು ಹಾಕ್ಕೊಂಡು."

"ಬೂಟು ಬಿಚ್ಚಿ ಇನ್ನೊಂದ್ಸಲ ಓಡು ಅಂತ ಹೇಳಿ ಮೇಡಂ," ಅಂದರು.

ನಾನು ಹೇಳಬೇಕಾಗಿ ಬರಲಿಲ್ಲ. ಕೋಲ್ ಆಗಲೇ ನೆಲದ ಮೇಲೆ ಕುಳಿತು ಲೇಸು ಬಿಚ್ಚುತ್ತಿದ್ದ.